ದೆವ್ವಕ್ಕೂ ಒಂದು ಹೆಸರಿರಲಿ

ಅಕ್ಟೋಬರ್ ತಿಂಗಳ ಕೊನೆಯ ವಾರ ಬಂತೆಂದರೆ ಅಮೆರಿಕದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಂದ ಹ್ಯಾಲೋವೀನ್ ಹಬ್ಬದ ಸುದ್ದಿ ಬರತೊಡಗುತ್ತದೆ. ಮಕ್ಕಳಿಗೆ ಕುಂಬಳಕಾಯಿಯ ದೀಪ, ಮುಖವಾಡ, ಮಿಠಾಯಿ. ದೊಡ್ಡವರಲ್ಲಿ ಕೆಲವರಿಗೆ ದೆವ್ವವಿದೆಯೆಂದು ಹೆಸರಾದ ಹೊಟೇಲಿನಲ್ಲಿ ಒಂದು ರಾತ್ರಿ ಕಳೆಯುವ ಹುಮ್ಮಸ್ಸು. “ಸರ್, ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆಗೆ ಇಂಥದೊಂದು ಜಾಗ ಇದ್ದರೆ ಜನ ಮುಗಿಬೀಳುತ್ತಿದ್ದರಲ್ಲವೇ?” ಎಂದು ಕೇಳುವವರೂ ಇದ್ದಾರೆ. ಪ್ರಶ್ನೆ ತಮಾಷೆಯದಾದರೂ ಉತ್ತರ ಹೇಳುವಷ್ಟು ವಿಚಾರ ಅದರಲ್ಲಿದೆ.

ಮೊದಲು ಈ ವ್ಯಾಪಾರದ ರೀತಿಯನ್ನು ನೋಡೋಣ. ಅಮೆರಿಕದ ಕೊಲರಾಡೊ ರಾಜ್ಯದ ಎಸ್ಟೆಸ್ ಪಾರ್ಕಿನಲ್ಲಿ 1909ರಲ್ಲಿ ಆರಂಭವಾದ ಸ್ಟ್ಯಾನ್ಲಿ ಹೊಟೇಲ್ ಇದೆ. 1974ರ ಅಕ್ಟೋಬರ್ ಕೊನೆಗೆ, ಚಳಿಗಾಲಕ್ಕಾಗಿ ಹೊಟೇಲು ಮುಚ್ಚುವ ಹೊತ್ತಿನಲ್ಲಿ, ಸ್ಟೀಫನ್ ಕಿಂಗ್ ಎಂಬ ಕಾದಂಬರಿಕಾರ ಪತ್ನಿಯೊಡನೆ ಅಲ್ಲಿನ 217ನೇ ಕೋಣೆಯಲ್ಲಿ ತಂಗಿದ್ದ. ಆ ಅನುಭವದಿಂದ ಹುಟ್ಟಿದ ‘ದಿ ಶೈನಿಂಗ್’ ಕಾದಂಬರಿ 1977ರಲ್ಲಿ ಪ್ರಕಟವಾಯಿತು. ಅಂದಿನಿಂದ ಆ ಕೋಣೆಗೆ ಎಲ್ಲಿಲ್ಲದ ಬೇಡಿಕೆ. ಅಲ್ಲಿ ಓಡಾಡುವುದೆಂದು ಹೇಳಲಾಗುವ ದೆವ್ವ 1911ರ ಗ್ಯಾಸ್ ಸ್ಫೋಟದಲ್ಲಿ ಗಾಯಗೊಂಡ ಕೆಲಸದಾಕೆಯದು. ಆದರೆ ಆಕೆ ಆ ಸ್ಫೋಟದಲ್ಲಿ ಸಾಯಲಿಲ್ಲ, ಬದುಕಿ ಉಳಿದಳು! ಕತೆಗೆ ಇದರಿಂದ ಏನೂ ಅಡ್ಡಿಯಾಗಲಿಲ್ಲ.

ನಮ್ಮ ದೇಶದಲ್ಲಿಯೂ ಇಂಥ ಉದಾಹರಣೆ ಇದೆ. ರಾಜಸ್ಥಾನದ ಕೋಟಾ ನಗರದಲ್ಲಿ ಚಂಬಲ್ ನದಿಯ ದಂಡೆಯ ಮೇಲೆ ಬ್ರಿಜ್‌ರಾಜ್ ಭವನವಿದೆ. 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಯ ನಿವಾಸವಾಗಿದ್ದ ಇದು ಸ್ವಾತಂತ್ರ್ಯಾನಂತರ ಕೋಟಾ ರಾಜಮನೆತನದ ಅರಮನೆಯಾಗಿ, ಮುಂದೆ ಹೊಟೇಲಾಯಿತು. 1857ರ ಅಕ್ಟೋಬರಿನಲ್ಲಿ ಬಂಡೆದ್ದ ಸೈನಿಕರು ಮೇಜರ್ ಚಾರ್ಲ್ಸ್ ಬರ್ಟನ್‌ನನ್ನೂ ಅವನ ಇಬ್ಬರು ಮಕ್ಕಳನ್ನೂ ಅಲ್ಲಿಯೇ ಕೊಂದರು. ಬರ್ಟನ್‌ನ ದೆವ್ವ ಇಂದಿಗೂ ರಾತ್ರಿ ಸುತ್ತಾಡುತ್ತದೆ, ನಿದ್ದೆ ಹೋದ ಕಾವಲುಗಾರನ ಕೆನ್ನೆಗೆ ಹೊಡೆಯುತ್ತದೆ ಎಂಬುದು ಪ್ರವಾಸಿಗರಿಗೆ ಹೇಳುವ ಕತೆ. ಆದರೆ ಆ ಬಂಡಾಯದ ಮುಂದಾಳುಗಳಾಗಿದ್ದು ಬಳಿಕ ಗಲ್ಲಿಗೇರಿದ ಲಾಲಾ ಜಯದಯಾಳ ಮತ್ತು ಮೆಹರಾಬ್ ಖಾನರ ದೆವ್ವಗಳು ಯಾವ ಹೊಟೇಲಿನಲ್ಲಿವೆ? ಅವರಿಗಾಗಿ ಯಾರೂ ಕೋಣೆ ಕಾಯ್ದಿರಿಸುವುದಿಲ್ಲ. ದೆವ್ವವಾದ ಮೇಲೂ ಸಾಹೇಬನೇ ಬಂಗಲೆಯ ಒಡೆಯ. ಕಾವಲುಗಾರನೇ ಪೆಟ್ಟು ತಿನ್ನುವವನು.

ಈಗ ನಮ್ಮ ಊರಿಗೆ ಬರೋಣ. ಕೋಟಾದ ಘಟನೆ ನಡೆದು ಏಳೆಂಟು ತಿಂಗಳಾಗಿತ್ತು. ನರಗುಂದದ ಅರಸ ಭಾಸ್ಕರರಾವ ಭಾವೆ, ಅಂದರೆ ನಮ್ಮೆಲ್ಲರ ಬಾಯಲ್ಲಿ ಬಾಬಾಸಾಹೇಬ, ದತ್ತಕಕ್ಕೆ ಅನುಮತಿ ಸಿಗದೆ ನೊಂದಿದ್ದ. ಶಸ್ತ್ರಾಸ್ತ್ರಗಳನ್ನು ಒಪ್ಪಿಸಬೇಕೆಂಬ ಕಂಪನಿ ಸರಕಾರದ ಆಜ್ಞೆ ಆ ಗಾಯದ ಮೇಲೆ ಬರೆ ಎಳೆದಿತ್ತು. 1858ರ ಮೇ 29ರ ರಾತ್ರಿ, ರಾಮದುರ್ಗದ ಸಮೀಪದ ಸುರೇಬಾನದಲ್ಲಿ ಸಣ್ಣ ಕಾವಲು ಪಡೆಯೊಡನೆ ತಂಗಿದ್ದ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ಬಾಬಾಸಾಹೇಬನ ಪಡೆಯ ಕೈಯಲ್ಲಿ ಹತನಾದ. ಅವನ ರುಂಡವನ್ನು ತಂದು ನರಗುಂದದ ಅಗಸೆಯಲ್ಲಿ ತೂಗುಹಾಕಿದರು. ಕೆಲವೇ ದಿನಗಳಲ್ಲಿ ಇಂಗ್ಲಿಷ್ ಸೇನೆ ಊರನ್ನೂ ಕೋಟೆಯನ್ನೂ ಹಿಡಿಯಿತು. ಬಾಬಾಸಾಹೇಬನ ತಾಯಿ ಮತ್ತು ಹೆಂಡತಿ ಮಲಪ್ರಭಾ ನದಿಗೆ ಬಿದ್ದು ಪ್ರಾಣ ಬಿಟ್ಟರು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ಎಲ್ಲವೂ ಎರಡು ವಾರಗಳ ಅವಧಿಯಲ್ಲಿ ಮುಗಿದುಹೋಯಿತು.

ದಾರಿಯಲ್ಲಿ ತಂಗಿದ ಅಧಿಕಾರಿ, ಕತ್ತಲೆ, ಅಗಸೆಯ ಮೇಲಿನ ತಲೆ, ನದಿಯ ಪಾಲಾದ ಇಬ್ಬರು ಹೆಂಗಸರು. ಹೊಟೇಲಿನವರು ಬೇಡುವ ಸಾಮಗ್ರಿಯೆಲ್ಲ ಇಲ್ಲಿದೆ. ನಾಳೆ ಯಾರಾದರೂ ನರಗುಂದದ ಗುಡ್ಡದ ಬುಡದಲ್ಲಿ ವಸತಿಗೃಹ ಕಟ್ಟಿ ‘ರುಂಡವಿಲ್ಲದ ಸಾಹೇಬ’ನನ್ನು ಜಾಹೀರಾತಿಗೆ ಇಳಿಸಿದರೆ ಗಿರಾಕಿಗಳಿಗೆ ಕೊರತೆಯಾಗದು. ಹಾಗಾಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಇತಿಹಾಸ ದೆವ್ವವಾದೊಡನೆ ಅದರಲ್ಲಿ ‘ಏಕೆ’ ಎಂಬ ಪ್ರಶ್ನೆ ಸತ್ತುಹೋಗುತ್ತದೆ. ದೆವ್ವದ ಕತೆ ಕೇಳಿದವನು ಹೆದರುತ್ತಾನೆ, ನಗುತ್ತಾನೆ, ಮಲಗುತ್ತಾನೆ. ದತ್ತಕವನ್ನು ಏಕೆ ನಿರಾಕರಿಸಿದರು, ಗೆಲ್ಲುವ ಭರವಸೆ ಕಡಿಮೆಯಿದ್ದ ಅರಸ ಏಕೆ ಕತ್ತಿ ಎತ್ತಿದ, ಆ ಇಬ್ಬರು ಹೆಂಗಸರಿಗೆ ನದಿಯಲ್ಲದೆ ಬೇರೆ ದಾರಿ ಏಕೆ ಕಾಣಲಿಲ್ಲ ಎಂದು ಅವನು ಕೇಳುವುದಿಲ್ಲ.

ಹಾಗೆಂದು ಎದುರಾಳಿಯ ವಾದವನ್ನು ತಳ್ಳಿಹಾಕಲಾರೆ. ದೆವ್ವದ ನೆಪದಿಂದಲಾದರೂ ಕೋಟಾದ ಕಟ್ಟಡ ಉಳಿದಿದೆ, ಬರ್ಟನ್‌ನ ಹೆಸರು ಉಳಿದಿದೆ, ಕೆಲವರಿಗೆ ಉದ್ಯೋಗ ಸಿಕ್ಕಿದೆ ಎನ್ನುವುದು ನಿಜ. ಆದರೆ ನಮ್ಮ ಕಡೆಯಲ್ಲಿ ದೆವ್ವದ ಹೆಸರು ಕಟ್ಟಡವನ್ನು ಉಳಿಸುವುದಕ್ಕಿಂತ ಹಾಳು ಮಾಡುವುದೇ ಹೆಚ್ಚು. ಒಂದು ವಾಡೆಗೆ ‘ಅಲ್ಲಿ ಗಾಳಿ ಐತಿ’ ಎಂಬ ಮಾತು ಅಂಟಿಕೊಂಡಿತೆಂದರೆ ಸಭ್ಯರು ಅತ್ತ ಹಾಯುವುದಿಲ್ಲ. ಆಗ ಜಾಲಿಕಂಟಿ ಬೆಳೆಯುತ್ತದೆ, ರಾತ್ರಿ ನಿಧಿಗಳ್ಳರು ಗುದ್ದಲಿ ಹಿಡಿದು ಬರುತ್ತಾರೆ. ಅವರಿಗೆ ದೆವ್ವದ ಕತೆಗಿಂತ ಒಳ್ಳೆಯ ಕಾವಲು ಇನ್ನೊಂದಿಲ್ಲ.

ಗಜೇಂದ್ರಗಡದ ಸಮೀಪದ ಸೂಡಿಯನ್ನೇ ತೆಗೆದುಕೊಳ್ಳಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತನ್ನು ಆಳಿದ ಅಕ್ಕಾದೇವಿಯ ರಾಜಧಾನಿ ಅದು. ಅಲ್ಲಿನ ಜೋಡುಕಳಸದ ಗುಡಿ, ಕೆತ್ತನೆಯ ಗೋಡೆಗಳ ನಾಗಕುಂಡ ನೋಡಿದವರು ಮರೆಯಲಾರರು. ಮುಸ್ಸಂಜೆ ಅಲ್ಲಿ ಒಬ್ಬರೇ ನಿಂತರೆ ಮೈ ಜುಮ್ಮೆನ್ನುವುದುಂಟು. ಆ ಭಾವ ಸುಳ್ಳಲ್ಲ, ಆದರೆ ಅದಕ್ಕೆ ದೆವ್ವ ಬೇಕಿಲ್ಲ. ಒಬ್ಬ ಹೆಣ್ಣುಮಗಳು ಸಾವಿರ ವರ್ಷದ ಹಿಂದೆ ಇಲ್ಲಿಂದ ನಾಡನ್ನು ಆಳಿದಳು ಎಂಬ ಅರಿವು ಸಾಕು.

ಇನ್ನು ಹಬ್ಬದ ಮಾತು. ಹ್ಯಾಲೋವೀನಿನ ಬೇರು ಐರ್ಲೆಂಡ್, ಸ್ಕಾಟ್ಲೆಂಡಿನ ಪ್ರಾಚೀನ ಕೆಲ್ಟಿಕ್ ಜನರ ಸುಗ್ಗಿಯ ಕೊನೆಯ ಹಬ್ಬದಲ್ಲಿದೆ. ಆ ರಾತ್ರಿ ಸತ್ತವರು ಮನೆಗೆ ಬರುವರೆಂದು ಅವರು ನಂಬಿದ್ದರು. ನಮ್ಮಲ್ಲಿಯೂ ಹೆಚ್ಚುಕಡಿಮೆ ಅದೇ ಋತುವಿನಲ್ಲಿ ಮಹಾಲಯ ಅಮಾವಾಸ್ಯೆ ಬರುತ್ತದೆ. ಹಿರಿಯರ ಹೆಸರು ಹೇಳಿ ಎಡೆ ಇಡುತ್ತೇವೆ. ಬಳಿಕ ಶೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಗಜೇಂದ್ರಗಡದ ಕಾಲಕಾಲೇಶ್ವರನ ಗುಡಿಯಲ್ಲಿ ಯುಗಾದಿಯ ಹಿಂದಿನ ರಾತ್ರಿ ಸುಣ್ಣದ ನೀರು, ಕುಂಚ, ಚಿಲುಮೆ ಇಟ್ಟು ಬಂದರೆ ಬೆಳಗಾಗುವುದರೊಳಗೆ ಗೋಡೆಗೆ ಸುಣ್ಣ ಹಚ್ಚಿರುತ್ತದೆ ಎಂಬ ನಂಬಿಕೆ ನಿಮಗೆ ಗೊತ್ತೇ ಇದೆ. ನಮ್ಮ ಅದೃಶ್ಯ ಅತಿಥಿ ಕೆಲಸ ಮುಗಿಸಿ ಚಿಲುಮೆ ಸೇದಿ ಹೋಗುವವನು, ಕೆನ್ನೆಗೆ ಹೊಡೆಯುವವನಲ್ಲ! ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ 1990ರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಹೆದರಿ ಕುಳಿತವರೂ ನಾವೇ ಎಂಬುದನ್ನು ಮರೆಯುವಂತಿಲ್ಲ. ಭಯ ಮತ್ತು ಗೌರವ ಎರಡೂ ನಮ್ಮಲ್ಲಿವೆ. ಯಾವುದನ್ನು ಮಕ್ಕಳಿಗೆ ಕೊಡಬೇಕೆಂಬುದಷ್ಟೇ ಪ್ರಶ್ನೆ.

ನಮ್ಮ ಕೋಟೆಗಳ ಬಳಿ ಪ್ರವಾಸಿಗರಿಗೆ ವಸತಿಗೃಹಗಳು ಖಂಡಿತ ಬರಲಿ. ಅಲ್ಲಿ ರಾತ್ರಿ ಕತೆಗಳನ್ನೂ ಹೇಳಲಿ. ಆದರೆ ಗೋಡೆಯ ಮೇಲೆ 1858ರ ಆ ಎರಡು ವಾರಗಳ ವಿವರ ಇರಲಿ. ಕೊಂದವರ, ಸತ್ತವರ, ಗಲ್ಲಿಗೇರಿದವರ ಹೆಸರುಗಳಿರಲಿ. ನದಿಗೆ ಬಿದ್ದ ಅತ್ತೆ ಸೊಸೆಯರಿಗೂ ಒಂದು ಸಾಲು ಮೀಸಲಿರಲಿ. ಹೊರನಾಡಿನಲ್ಲಿರುವ ನೀವು ಈ ಸಲ ಊರಿಗೆ ಬಂದಾಗ ಮಕ್ಕಳನ್ನು ಹಗಲಿನಲ್ಲಿ ನರಗುಂದದ ಗುಡ್ಡ ಹತ್ತಿಸಿ. ಹಾಗೆಯೇ ಸೂಡಿಗೆ ಕರೆದೊಯ್ಯಿರಿ. ಅವರು ಹೆದರುತ್ತಾರೋ ಇಲ್ಲವೋ ತಿಳಿಯದು, ಆದರೆ ಪ್ರಶ್ನೆಗಳನ್ನಂತೂ ಕೇಳುತ್ತಾರೆ. ಉತ್ತರಿಸಲು ನೀವು ಸ್ವಲ್ಪ ಓದಿಕೊಂಡು ಬನ್ನಿ.