ಪಾರಿವಾಳ ಕಲಿತ ಲೆಕ್ಕ

ಮಕ್ಕಳೇ, "ಇನ್ನೊಂದೇ ಒಂದು ಆಟ" ಅಂತ ಶುರುಮಾಡಿ ಹತ್ತು ಆಟ ಆಡುವುದು ಏಕೆ? ಬುದ್ಧಿ ಕಡಿಮೆ ಅಂತಲ್ಲ. ಅದರ ಹಿಂದೆ ಒಂದು ಲೆಕ್ಕವಿದೆ.

ಅಮೆರಿಕದಲ್ಲಿ ಬಿ. ಎಫ್. ಸ್ಕಿನ್ನರ್ (1904–1990) ಎಂಬ ಮನೋವಿಜ್ಞಾನಿ ಇದ್ದರು. ಪಾರಿವಾಳವನ್ನು ಪೆಟ್ಟಿಗೆಯಲ್ಲಿಟ್ಟು, ಅದು ಒಂದು ಬಿಲ್ಲೆಯನ್ನು ಕುಕ್ಕಿದರೆ ಕಾಳು ಬೀಳುವಂತೆ ಮಾಡಿದರು. ಪ್ರತಿ ಸಲವೂ ಕಾಳು ಸಿಕ್ಕ ಪಾರಿವಾಳ, ಕಾಳು ನಿಂತಾಗ ಬೇಗ ಸುಮ್ಮನಾಯಿತು. ಒಮ್ಮೆ ನಾಲ್ಕಾರು ಕುಕ್ಕಿಗೆ, ಒಮ್ಮೆ ಹತ್ತಾರು ಕುಕ್ಕಿಗೆ ಕಾಳು ಪಡೆದದ್ದು ಮಾತ್ರ, ಕಾಳು ನಿಂತರೂ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ಮುಂದಿನ ಸಲ ಬಂದರೂ ಬರಬಹುದಲ್ಲ! ಜೂಜಿನ ಯಂತ್ರ ಜನರನ್ನು ಹಿಡಿದಿಡುವುದೂ ಹೀಗೆಯೇ ಎಂದು ಸ್ಕಿನ್ನರ್ ಹೇಳಿದ್ದರು.

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತಿದ್ದ ಕಾಲಕ್ಕೆ ಲಾಟರಿಯ ಹಾವಳಿ ಜೋರಾಗಿತ್ತು. ಸಂಬಳ ಜಮೆಯಾದ ದಿನವೇ ಹಣ ತೆಗೆದು ಟಿಕೆಟ್ ಕೊಳ್ಳಲು ಓಡುವವರನ್ನು ಕಂಡಿದ್ದೇನೆ. ಸೋತ ನೂರು ಸಲ ಅವರಿಗೆ ಮರೆತುಹೋಗಿತ್ತು, ಗೆದ್ದ ಒಂದು ಸಲ ಮರೆತಿರಲಿಲ್ಲ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಷೇಧವಾಯಿತು. ಆದರೆ ಯಾವಾಗ ಬರುವುದೋ ತಿಳಿಯದ ಲೈಕು, ಬೆರಳು ಸರಿಸಿದರೆ ಬರುವ ಹೊಸ ವಿಡಿಯೊ, ಆಟದಲ್ಲಿ ಸಿಗುವ ಅಚ್ಚರಿಯ ಬಹುಮಾನ ಎಲ್ಲವೂ ಅದೇ ಕಾಳು.

ಮನೋವಿಜ್ಞಾನಿಗಳು ಇನ್ನೊಂದು ಕಾರಣವನ್ನೂ ಕೊಡುತ್ತಾರೆ. ಮೊದಮೊದಲು ಖುಷಿಗಾಗಿ ಆಡುತ್ತೇವೆ. ಬರಬರುತ್ತಾ ಬೇಸರ, ಭಯ, ಒಂಟಿತನ ಮರೆಯಲು ಆಡುತ್ತೇವೆ. ಗಣಿತ ಪರೀಕ್ಷೆಯ ಹೆದರಿಕೆ ಒಂದು ಗಂಟೆ ಮರೆಯಾಗುತ್ತದೆ, ಆಮೇಲೆ ಸಾಲದ ಹಾಗೆ ಬಡ್ಡಿ ಸಮೇತ ಬಂದು ನಿಲ್ಲುತ್ತದೆ. ಅದನ್ನು ಮರೆಯಲು ಮತ್ತೆ ಮೊಬೈಲ್.

ಅಜ್ಜ ಅಜ್ಜಿಯರೇ, ಆಡುವ ಮಕ್ಕಳಿಗೆಲ್ಲ ಚಟ ಹತ್ತಿದೆ ಎನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗುರುತು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೆಡುಕಾಗುತ್ತಿದ್ದರೂ ಬಿಡದಿರುವುದು. ಅದೂ ಸಾಮಾನ್ಯವಾಗಿ 12 ತಿಂಗಳಾದರೂ ಹೀಗೇ ನಡೆದಿರಬೇಕು. ಅಂಥವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಕ್ಲಿನಿಕ್ ಇದೆ.

ಉಳಿದವರಿಗೆ ಈ ವಾರದ ಮನೆಗೆಲಸ. ಅಜ್ಜನಿಗೊಂದು, ಮೊಮ್ಮಗಳಿಗೊಂದು ನೋಟ್‌ಬುಕ್. ಮೊಬೈಲ್ ಎತ್ತಿಕೊಂಡಾಗಲೆಲ್ಲ ಗಂಟೆ ಎಷ್ಟು, ಆಗ ಮನಸ್ಸು ಹೇಗಿತ್ತು ಎಂದು ಇಬ್ಬರೂ ಬರೆಯಿರಿ. ಭಾನುವಾರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 'ಬೇಸರ' ಹೆಚ್ಚಿದ್ದರೆ ಅಟ್ಟದಿಂದ ಅಳಗುಳಿಮಣೆ ಇಳಿಸಿ. 'ಭಯ' ಹೆಚ್ಚಿದ್ದರೆ ಬೈಯಬೇಡಿ, ಹೆದರಿಸಿದ ಆ ಗಣಿತದ ಪಾಠವನ್ನು ಜೊತೆಗೇ ಕೂತು ಬಿಡಿಸಿ.