ಕಾವಲೋ, ಬೇಹುಗಾರಿಕೆಯೋ?

ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಎರಡು ಭಾಗಗಳಾಗಿ ಕಟ್ಟಿದರು: ಬೆಂಗಳೂರಿನಿಂದ ಮದ್ದೂರು ತಾಲ್ಲೂಕಿನ ನಿಡಘಟ್ಟದವರೆಗೆ ಒಂದು, ನಿಡಘಟ್ಟದಿಂದ ಮೈಸೂರಿನವರೆಗೆ ಮತ್ತೊಂದು. 2023ರ ಮಾರ್ಚ್ 12ರಂದು ಅದರ ಉದ್ಘಾಟನೆಯಾಯಿತು. ಈಗ ಆ ದಾರಿಯಲ್ಲಿ ವಾಹನದ ಸಂಖ್ಯೆಯನ್ನು ಓದುವ ಪೋಲೀಸು ಕ್ಯಾಮೆರಾಗಳಿವೆ. ಸುಂಕದ ಕಟ್ಟೆಯಲ್ಲಿ ಫಾಸ್ಟ್ಯಾಗ್ ಎಂಬ ಚೀಟಿಯ ಮೂಲಕ ವಾಹನವು ಹಾದುಹೋದ ಗಳಿಗೆಯು ದಾಖಲಾಗುತ್ತದೆ. ದಾರಿ ತೋರಿಸಲೆಂದು ಪ್ರಯಾಣಿಕನು ತೆರೆದಿಟ್ಟ ಮೊಬೈಲು, ಅವನಿರುವ ಸ್ಥಳವನ್ನು ಪರದೇಶದ ಕಂಪೆನಿಗೆ ತಿಳಿಸುತ್ತಿರುತ್ತದೆ. ಬರೆದುಕೊಂಡದ್ದು ಎಷ್ಟು ಕಾಲ ಉಳಿಯುತ್ತದೆ, ಯಾರ ಕೈ ಸೇರುತ್ತದೆ ಎಂಬುದನ್ನು ನಿಡಘಟ್ಟವನ್ನು ದಾಟುವ ಎಷ್ಟು ಮಂದಿ ಬಲ್ಲರು?

ಮಿತಿಮೀರಿದ ವೇಗದಿಂದ ಪರರ ಪ್ರಾಣಕ್ಕೆ ಎರವಾಗುವವನನ್ನು ಹಿಡಿಯುವ ಕ್ಯಾಮೆರಾವನ್ನು ನಾವು ದೂಷಿಸುವವರಲ್ಲ. ಆದರೆ ಕಾವಲಿಗೂ ಬೇಹುಗಾರಿಕೆಗೂ ಇರುವ ಭೇದವನ್ನು ನಮ್ಮ ವಾಚಕರು ಸ್ಪಷ್ಟವಾಗಿ ಅರಿಯತಕ್ಕದ್ದು. ನೋಡುವವನು ತಾನು ಯಾರು, ಏಕೆ ನೋಡುತ್ತೇನೆ, ಎಲ್ಲಿಯವರೆಗೆ ನೋಡುತ್ತೇನೆ ಎಂಬುದನ್ನು ತಿಳಿಸಿ, ಕೇಳಿದಾಗ ಉತ್ತರ ಕೊಡಲು ಬದ್ಧನಾಗಿದ್ದರೆ ಅದು ಕಾವಲು. ಉತ್ತರ ಕೊಡುವ ಹೊಣೆಯನ್ನು ಕಳಚಿಕೊಂಡ ಒಡನೆಯೇ ಅದೇ ಕಣ್ಣು ಬೇಹುಗಾರನ ಕಣ್ಣಾಗುತ್ತದೆ.

ಈ ವಿದ್ಯೆ ನಮಗೆ ಹೊಸದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಪುರುಷರ ವರ್ಗಗಳನ್ನು ಎಣಿಸಿದೆ. ಕಪಟ ವಿದ್ಯಾರ್ಥಿ, ಸಂನ್ಯಾಸಿ, ಗೃಹಸ್ಥ, ತಾಪಸ ಇವರ ಜೊತೆಗೆ ವೈದೇಹಕನೆಂಬ ವರ್ತಕನೂ ಅಲ್ಲಿದ್ದಾನೆ. ಅಂಗಡಿ ತೆರೆದವನು ಅರಮನೆಗೆ ಸುದ್ದಿ ಒಯ್ಯುತ್ತಿದ್ದನು. ಆದರೂ ಆ ಕಠೋರ ರಾಜನೀತಿಜ್ಞನು ತನ್ನ ಚಾರರನ್ನು ಕಣ್ಣುಮುಚ್ಚಿ ನಂಬಲಿಲ್ಲ. ಮೂವರ ಮಾತು ಒಂದಾದರೆ ಮಾತ್ರ ನಂಬತಕ್ಕದ್ದೆಂದು ವಿಧಿಸಿದನು. ಅರಸನ ಕಾಲದಲ್ಲಿಯೇ ಬೇಹುಗಾರನಿಗೆ ಅಂಕುಶವಿತ್ತೆಂದಮೇಲೆ, ಪ್ರಜೆಗಳೇ ಪ್ರಭುಗಳಾದ ಈ ಕಾಲದಲ್ಲಿ ಅದು ಬೇಡವೆ?

ಇಂದಿನ ವೈದೇಹಕನನ್ನು ಕಾಣಬೇಕೆ? 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಏನಾಯಿತೆಂಬುದನ್ನು ನೆನೆಯಿರಿ. ಮತದಾರರಿಗೆ ತಿಳಿವಳಿಕೆ ಕೊಡಲೆಂದು ನಗರಪಾಲಿಕೆಯಿಂದ ಅನುಮತಿ ಪಡೆದ ಚಿಲುಮೆ ಎಂಬ ಖಾಸಗಿ ಸಂಸ್ಥೆಯ ಮಂದಿ, ಮತಗಟ್ಟೆಯ ಅಧಿಕಾರಿಗಳೆಂದು ತೋರಿಸಿಕೊಂಡು ಮನೆಮನೆಯ ವಿವರಗಳನ್ನು ಸಂಗ್ರಹಿಸಿದರೆಂಬ ಆರೋಪ ಹೊರಬಿದ್ದು, ಬಂಧನಗಳೂ ಅಧಿಕಾರಿಗಳ ಅಮಾನತೂ ನಡೆದುವು. ಇನ್ನು ಪೆಗಾಸಸ್. ಇಸ್ರೇಲಿನ ಎನ್.ಎಸ್.ಓ. ಕಂಪೆನಿ ತಯಾರಿಸಿದ ಈ ಸಾಧನವು ಮೊಬೈಲಿನೊಳಗೆ ಹೊಕ್ಕು ಒಡೆಯನಿಗೆ ಅರಿವಿಲ್ಲದಂತೆ ಎಲ್ಲವನ್ನೂ ಒಯ್ಯಬಲ್ಲದು. ಸರಕಾರಗಳಿಗೆ ಮಾತ್ರವೇ ಇದನ್ನು ಮಾರುವೆವೆಂದು ಆ ಕಂಪೆನಿ ತಾನೇ ಹೇಳುತ್ತದೆ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್‌ರವರ ಮೇಲ್ವಿಚಾರಣೆಯಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಪರೀಕ್ಷಿಸಿದ 29 ಮೊಬೈಲುಗಳ ಪೈಕಿ ಐದರಲ್ಲಿ ಒಂದಲ್ಲ ಒಂದು ದುಷ್ಟ ತಂತ್ರಾಂಶವಿತ್ತು. ಅದು ಪೆಗಾಸಸ್ಸೇ ಎಂದು ನಿಶ್ಚಯವಾಗಲಿಲ್ಲ. ಕೇಂದ್ರ ಸರಕಾರವು ಸಹಕರಿಸಲಿಲ್ಲ ಎಂದು 2022ರ ಆಗಸ್ಟಿನಲ್ಲಿ ನ್ಯಾಯಾಲಯವೇ ತಿಳಿಸಿತು. ಅನುಮಾನ ತೀರಿಸಬೇಕಾದ ಸರಕಾರವೇ ಬಾಯಿ ಬಿಗಿದರೆ ಪ್ರಜೆ ಯಾರನ್ನು ಕೇಳಬೇಕು?

ಇದರಲ್ಲಿ ಒಂದು ಪಕ್ಷ ಶುದ್ಧ, ಇನ್ನೊಂದು ಅಶುದ್ಧವೆಂದು ನಾವು ಹೇಳುವುದಿಲ್ಲ. ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯ ಪದವಿಯನ್ನು ಬಿಟ್ಟರು. 2019ರಲ್ಲಿ ಅಂಥದೇ ಆರೋಪದ ತನಿಖೆ ಸಿ.ಬಿ.ಐ. ಕೈಸೇರಿತು. ಪಕ್ಷಗಳು ಬದಲಾದುವು, ಕದ್ದು ಕೇಳುವ ಚಾಳಿಯ ಆರೋಪ ನಿಲ್ಲಲಿಲ್ಲ. ಕಾರಣವು ಪದ್ಧತಿಯಲ್ಲಿಯೇ ಇದೆ. ಕದ್ದಾಲಿಕೆಗೆ ಅಪ್ಪಣೆ ಕೊಡುವವರು ಗೃಹ ಕಾರ್ಯದರ್ಶಿಗಳು. ಅಪ್ಪಣೆ ಸರಿಯೇ ಎಂದು ನೋಡುವ ಸಮಿತಿಯಲ್ಲಿರುವವರೂ ಸರಕಾರದ ಕಾರ್ಯದರ್ಶಿಗಳೇ. ಕಳ್ಳೆತ್ತಿನ ನ್ಯಾಯವನ್ನು ಕೊಟ್ಟಿಗೆಯ ಎತ್ತುಗಳೇ ತೀರಿಸಿದಂತಾಯಿತಲ್ಲವೆ?

ನಿಡಘಟ್ಟದಿಂದ ಕೆಲವೇ ಮೈಲಿ ಮುಂದೆ ಅದೇ ದಾರಿಯಲ್ಲಿ ಶಿವಪುರವಿದೆ. 1938ರ ಏಪ್ರಿಲಿನಲ್ಲಿ ನಿಷೇಧವನ್ನು ಧಿಕ್ಕರಿಸಿ ಟಿ. ಸಿದ್ಧಲಿಂಗಯ್ಯನವರ ನೇತೃತ್ವದಲ್ಲಿ ಜನರು ಅಲ್ಲಿ ರಾಷ್ಟ್ರಧ್ವಜವನ್ನು ಹಾರಿಸಿದರು. ಅವರೆದುರು ನಿಂತ ಅಧಿಕಾರಕ್ಕೆ ಮುಖವಿತ್ತು. ಆದುದರಿಂದಲೇ ಅದಕ್ಕೆ ಎದುರಾಡುವುದು ಸಾಧ್ಯವಾಯಿತು. ಮುಖವಿಲ್ಲದ ಅಧಿಕಾರವನ್ನು ಎದುರಿಸುವ ಆಯುಧವನ್ನೂ ಕನ್ನಡಿಗರೊಬ್ಬರೇ ಒದಗಿಸಿದ್ದಾರೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ವ್ಯಾಜ್ಯದಲ್ಲಿಯೇ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು.

1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ಪ್ರಾಂತಗಳು ಒಂದಾದುವು. ಏಕೀಕರಣಕ್ಕಾಗಿ ಹಿರಿಯರು ದುಡಿದದ್ದು ಭೂಪಟದ ಗೆರೆಗಾಗಿ ಮಾತ್ರವೆ? ಆಳುವವರ ಮಾತು ಆಳಿಸಿಕೊಳ್ಳುವವರಿಗೆ ಅರ್ಥವಾಗಬೇಕೆಂಬುದು ಅದರ ತಿರುಳಾಗಿತ್ತು. ಇಂದು ಮಂಡ್ಯದ ರೈತನು ತನಗೆ ಬಾರದ ಇಂಗ್ಲಿಷಿನ ಕರಾರಿಗೆ ಬೆರಳೊತ್ತಿ ತನ್ನ ಗುಟ್ಟನ್ನು ಕಂಪೆನಿಗೆ ಒಪ್ಪಿಸುತ್ತಾನೆ. ಅರ್ಥವಾಗದ ಒಪ್ಪಿಗೆ ಒಪ್ಪಿಗೆಯೆ? 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯು, ಜನರು ಬಯಸಿದರೆ ಇಂಥ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಒದಗಿಸಬೇಕೆಂದು ಹೇಳುತ್ತದೆ. ಕನ್ನಡವು ಆ ಅನುಸೂಚಿಯಲ್ಲಿದೆ. ಅದೇ ಕಾಯಿದೆಯು ಸರಕಾರದ ಅಂಗಗಳಿಗೆ ವಿನಾಯಿತಿ ಕೊಡಲು ಬಾಗಿಲು ತೆರೆದಿಟ್ಟಿರುವುದು ಶೋಚನೀಯ.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ನಿಡಘಟ್ಟದ ದಾರಿಯಲ್ಲಿ ಯಾರು ನೋಡುತ್ತಾರೆ, ನೋಡಿದ್ದನ್ನು ಎಷ್ಟು ದಿನ ಇಡುತ್ತಾರೆ, ಯಾರಿಗೆ ಕೊಡುತ್ತಾರೆ ಎಂಬುದನ್ನು ಕನ್ನಡದಲ್ಲಿ ಬರೆದ ಫಲಕವು ಸಾರಬೇಕು. ಕದ್ದಾಲಿಕೆಯ ಅಪ್ಪಣೆಗೆ ನ್ಯಾಯಾಧೀಶರ ಸಮ್ಮತಿ ಬೇಕು. ತನಿಖೆ ಮುಗಿದ ಮೇಲೆ ಆಲಿಸಲ್ಪಟ್ಟವನಿಗೆ ತಿಳಿಸಬೇಕು. ಕನ್ನಡದಲ್ಲಿ ಕೇಳಿದವನಿಗೆ ಕಂಪೆನಿಯು ಕನ್ನಡದಲ್ಲಿಯೇ ಉತ್ತರಿಸಬೇಕು. ಉಪಾಧ್ಯಾಯ ಮಹಾಶಯರು ಅಂಥ ಕರಾರೊಂದನ್ನು ತರಗತಿಯಲ್ಲಿ ಓದಿ ಅದರ ಅರ್ಥವನ್ನು ಮಕ್ಕಳಿಗೆ ಬಿಡಿಸಿ ಹೇಳಲಿ. ಪಟ್ಟಣಿಗರು ಮಾಹಿತಿ ಹಕ್ಕಿನ ಅರ್ಜಿಯನ್ನು ಕನ್ನಡದಲ್ಲಿ ಬರೆದು ಕಳುಹಿಸಲಿ. ನಮ್ಮನ್ನು ನೋಡುವವರನ್ನು ನಾವೂ ನೋಡತೊಡಗೋಣ.