ಕುರ್ಚಿಗಳನ್ನು ಸುತ್ತಲೂ ಹಾಕಿ

ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ಒಂದು ಠರಾವು ಬಂತು. ಪರೇಲ್, ಲಾಲ್‌ಬಾಗ್ ಕಡೆಯ ಕನ್ನಡ ಮನೆಗಳ ಹೈಸ್ಕೂಲು ಮಕ್ಕಳಿಗಾಗಿ 'ಮಾನಸಿಕ ಒತ್ತಡ ನಿವಾರಣೆ' ಎಂಬ ಕಾರ್ಯಕ್ರಮ ಇಡಬೇಕು, ಒಬ್ಬ ಡಾಕ್ಟರರನ್ನು ಕರೆಸಿ ಭಾಷಣ ಮಾಡಿಸಬೇಕು, ಆಮೇಲೆ ಶಾಲು, ಹಣ್ಣು, ವಂದನಾರ್ಪಣೆ. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಎತ್ತಿದ ಕೈಯನ್ನು ಇಲ್ಲಿ ಇಳಿಸುತ್ತಿದ್ದೇನೆ, ಸ್ನೇಹಿತರು ಕ್ಷಮಿಸಬೇಕು.

ಭಾಷಣ ಕೇಳಿ ಯಾರ ಮನಸ್ಸಿನ ಭಾರವೂ ಇಳಿಯುವುದಿಲ್ಲ. ಹದಿನೈದು ಹದಿನಾರರ ಹುಡುಗನಿಗೆ ಭಾಷಣಕ್ಕೇನು ಕಡಿಮೆ? ಮನೆಯಲ್ಲಿ ಅಪ್ಪನದು, ಕ್ಲಾಸಿನಲ್ಲಿ ಮೇಷ್ಟ್ರದು, ಊರಿಗೆ ಹೋದರೆ ದೊಡ್ಡಪ್ಪನದು. ಅವನಿಗೆ ಬೇಕಾದದ್ದು ತಾನು ಮಾತಾಡುವ ಜಾಗ. ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಾನು ಆ ಕುರ್ಚಿಯಲ್ಲಿ ಕೂತು ಬಂದವನು.

2021ರಲ್ಲಿ ನಾನು ಕನ್ನಡ ಮಾಧ್ಯಮದಲ್ಲಿ ಹತ್ತನೇ ಪಾಸಾದೆ. ಕೊರೋನಾದಿಂದಾಗಿ ಆ ವರ್ಷ ಮಹಾರಾಷ್ಟ್ರದಲ್ಲಿ ಬೋರ್ಡ್ ಪರೀಕ್ಷೆಯೇ ನಡೆಯಲಿಲ್ಲ. ಪರೀಕ್ಷೆ ಬರೆಯದೆ ಪಾಸಾದ ಬ್ಯಾಚು ನಮ್ಮದು. ಇವತ್ತಿಗೂ ಅದನ್ನು ಹೇಳಿ ನಗುವವರಿದ್ದಾರೆ. ಹನ್ನೊಂದನೇ ಕಾಮರ್ಸಿಗೆ ಸೇರಿದರೆ ಎಲ್ಲವೂ ಇಂಗ್ಲಿಷು. ಹೆಸರು ಕರೆದು ಓದು ಅಂದರೆ ನಾಲಿಗೆ ಒಣಗುತ್ತಿತ್ತು. ಅತ್ತ ಅಪ್ಪಯ್ಯ ಕೆಲಸಕ್ಕಿದ್ದ ಕ್ಯಾಂಟೀನು ಲಾಕ್‌ಡೌನಿನಲ್ಲಿ ಮುಚ್ಚಿತ್ತು. ತೆರೆದ ಮೇಲೆ ಅರ್ಧ ಸಂಬಳ. ನಾನು ಬ್ಯಾಗು ಹಿಡಿದು ಕಾಲೇಜಿಗೆ ಅಂತ ಹೊರಟು ಪರೇಲ್ ಸ್ಟೇಶನ್ನಿನ ಬೆಂಚಿನ ಮೇಲೆ ಕೂತಿದ್ದು ಸಂಜೆ ಮನೆಗೆ ಬರುತ್ತಿದ್ದೆ. ಊಟ ಸೇರುತ್ತಿರಲಿಲ್ಲ. "ಎಂತ ಆಯ್ತ್ ಮಗಾ?" ಅಂತ ಅಮ್ಮ ಕೇಳಿದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ.

ಪರೇಲಿನಲ್ಲಿ ಆಸ್ಪತ್ರೆಗಳಿಗೆ ಬರಗಾಲವಿಲ್ಲ. ಕೆ.ಇ.ಎಂ. 1926ರಿಂದ ಇದೆ, ಮಕ್ಕಳ ವಾಡಿಯಾ ಆಸ್ಪತ್ರೆ 1929ರಿಂದ, ಟಾಟಾ ಕ್ಯಾನ್ಸರ್ ಆಸ್ಪತ್ರೆ 1941ರಿಂದ. ದೇಶದ ಮೂಲೆ ಮೂಲೆಯಿಂದ ಬಂದವರು ಇಲ್ಲಿನ ಫುಟ್‌ಪಾತಿನಲ್ಲಿ ಮಲಗಿ ತಮ್ಮ ಪಾಳಿ ಕಾಯುತ್ತಾರೆ. ಬಾಗಿಲಲ್ಲೇ ಇರುವ ನಾವು ಜ್ವರಕ್ಕೆ ಓಡುತ್ತೇವೆ, ಮನಸ್ಸಿನ ವಿಷಯಕ್ಕೆ ಮಾತ್ರ ಗೇಟು ದಾಟುವುದಿಲ್ಲ. ಯಾರಾದರೂ ನೋಡಿದರೆ ಊರ ತನಕ ಸುದ್ದಿ ಹೋಗ್ತದೆ. ಪಕ್ಕದ ಖೋಲಿಯ ಮಾವಶಿ ಗದರಿಸದಿದ್ದರೆ ಅಮ್ಮ ನನ್ನನ್ನು ಕರೆದುಕೊಂಡು ಹೋಗುತ್ತಲೇ ಇರಲಿಲ್ಲ. ಹೋದದ್ದು ಯಾವ ಆಸ್ಪತ್ರೆ ಅನ್ನುವುದು ಇಲ್ಲಿ ಮುಖ್ಯವಲ್ಲ.

ಮೊದಲ ದಿನ ನನಗೆ ಕೇಳಿದ ಪ್ರಶ್ನೆಗೆಲ್ಲ ಅಮ್ಮನೇ ಉತ್ತರ ಕೊಟ್ಟಳು. ಎರಡನೇ ಸಲ ಡಾಕ್ಟರಮ್ಮ ಅವಳನ್ನು ಹೊರಗೆ ಕೂರಿಸಿದರು. "ನೀನು ಹೇಳಿದ್ದು ಇಲ್ಲೇ ಇರುತ್ತದೆ, ಜೀವಕ್ಕೆ ಅಪಾಯ ಅಂತ ಕಂಡರೆ ಮಾತ್ರ ಮನೆಯವರಿಗೆ ಹೇಳಬೇಕಾಗುತ್ತದೆ" ಅಂದರು. ಐದು ಜನ ಒಂದೇ ಖೋಲಿಯಲ್ಲಿ ಮಲಗಿ ಬೆಳೆದವನಿಗೆ ಮುಚ್ಚಿದ ಬಾಗಿಲ ಹಿಂದೆ ಮುಕ್ಕಾಲು ತಾಸು, ಕೇಳಲಿಕ್ಕೆ ಒಬ್ಬರು. ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಆದರೆ ತೊಡಕಾದದ್ದು ಭಾಷೆ. ಅವರಿಗೆ ಮರಾಠಿ, ಹಿಂದಿ ಬರುತ್ತಿತ್ತು. ನನಗೂ ಎರಡೂ ಬರ್ತದೆ. ಆದರೆ ಅದು ಕ್ರಿಕೆಟ್ಟಿನ ಹಿಂದಿ, ಮೀನಿಗೆ ಚೌಕಾಸಿ ಮಾಡುವ ಮರಾಠಿ. ಒಳಗಿನದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಶಬ್ದ, 'ಟೆನ್ಶನ್'. ಕಾಮರ್ಸಿನವರಿಗೆ ಗೊತ್ತು, ಟ್ರಯಲ್ ಬ್ಯಾಲೆನ್ಸು ತಾಳೆ ಬೀಳದಿದ್ದರೆ ಉಳಿದದ್ದನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿಡ್ತೇವೆ. ನಾವು ಪರೇಲಿನ ಹುಡುಗರು ದಿಗಿಲು, ಕಳವಳ, ನಾಚಿಕೆ, ಹೊಟ್ಟೆಕಿಚ್ಚು ಎಲ್ಲವನ್ನೂ ಟೆನ್ಶನ್ ಖಾತೆಗೆ ಜಮಾ ಮಾಡಿರ್ತೇವೆ. ತಪ್ಪು ಎಲ್ಲಿ ಅಂತ ಹುಡುಕುವುದು ಬಾಕಿ.

ಒಂದು ಉದಾಹರಣೆ ಕೊಡುತ್ತೇನೆ. ನನ್ನ ಮನಸ್ಸಿನಲ್ಲಿದ್ದ ಮಾತು ಕುಂದಾಪುರದ್ದು: "ಅಪ್ಪಯ್ಯನ ಮುಖ ಕಾಂಬುಕೆ ಆತಿಲ್ಲೆ." ಇದನ್ನೇ ಹಿಂದಿಯಲ್ಲಿ ಹೇಳಿದೆ. 'ಅಪ್ಪನ ಮುಖ ನೋಡಲಾರೆ' ಅಂತ ಆಯಿತು. ಡಾಕ್ಟರಮ್ಮ ಬರೆದುಕೊಂಡು, ತಂದೆಯ ಮೇಲೆ ಯಾಕೆ ಸಿಟ್ಟು, ಹೊಡೀತಾರಾ ಅಂತ ಕೇಳಿದರು. ಸಿಟ್ಟೆಲ್ಲಿ ಬಂತು? ಅರ್ಧ ಸಂಬಳದಲ್ಲಿ ನನ್ನ ಫೀಸು ಕಟ್ಟಿ ಬಂದು ಸುಮ್ಮನೆ ಉಣ್ಣುವ ಮನುಷ್ಯನ ಬಾಡಿದ ಮುಖವನ್ನು ಕಾಣಲಿಕ್ಕೆ ಆಗುವುದಿಲ್ಲ ಅಂತ ನನ್ನ ಅರ್ಥ. ಅದನ್ನು ಸರಿಮಾಡಲು ಮುಂದಿನ ಎರಡು ಭೇಟಿ ಹಿಡಿಯಿತು. ಅವರದೇನೂ ತಪ್ಪಿಲ್ಲ, ತಾಳ್ಮೆಯಿಂದ ಕೇಳದಿದ್ದರೆ ಅದು ಸರಿಯಾಗುತ್ತಲೂ ಇರಲಿಲ್ಲ. ಆದರೆ ಅಷ್ಟು ತಾಳ್ಮೆ ನಮ್ಮ ಎಷ್ಟು ಹುಡುಗರಿಗೆ ಇದೆ?

ಹೀಗಾಗಿ ಒಬ್ಬೊಬ್ಬರೇ ಕೂತು ಮಾತಾಡುವ ಚಿಕಿತ್ಸೆ ನಮ್ಮ ಭಾಷೆಯಲ್ಲೇ ಸಿಗಬೇಕು ಅಂತ ನನ್ನ ಹಟ.

ಇನ್ನು ಗುಂಪು ಚಿಕಿತ್ಸೆ. ಆರೇಳು ವಾರದ ನಂತರ ನನ್ನನ್ನು ಅದಕ್ಕೆ ಸೇರಿಸಿದರು. ಸುತ್ತಲೂ ಹಾಕಿದ ಎಂಟು ಕುರ್ಚಿ, ಹದಿನಾಲ್ಕರಿಂದ ಹದಿನೇಳರೊಳಗಿನ ಮಕ್ಕಳು, ನಡೆಸಲು ಒಬ್ಬ ಸಮಾಜ ಕಾರ್ಯಕರ್ತೆ. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು ಎಂಬುದು ಮೊದಲ ನಿಯಮ, ಆದ್ದರಿಂದ ಉಳಿದವರ ಕತೆ ನನ್ನಿಂದ ಸಿಗುವುದಿಲ್ಲ. ನನ್ನದನ್ನು ಹೇಳ್ತೇನೆ. ಎರಡು ವಾರ ಬಾಯಿ ತೆರೆಯಲಿಲ್ಲ. ಮೂರನೇ ವಾರ, ಕ್ಲಾಸಿನಲ್ಲಿ ಹೆಸರು ಕರೆದರೆ ಎದೆ ಡವಡವ ಅನ್ನುತ್ತದೆ ಅಂತ ಹರುಕು ಮುರುಕು ಮರಾಠಿಯಲ್ಲಿ ಹೇಳಿದೆ. ಎದುರಿಗಿದ್ದ ಇಬ್ಬರು ತಲೆ ಆಡಿಸಿದರು. ಅಷ್ಟೇ. 'ನೀನೊಬ್ಬನೇ ಅಲ್ಲ' ಅಂತ ಡಾಕ್ಟರು ಹೇಳಿದರೆ ಅವರ ಕೆಲಸವೇ ಅದು ಅನ್ನಿಸ್ತದೆ. ನಮ್ಮ ವಯಸ್ಸಿನವನು ತಲೆ ಆಡಿಸಿದರೆ ನಂಬಿಕೆ ಬರ್ತದೆ. ಅಲ್ಲಿ ಹರುಕು ಮರಾಠಿಯೂ ಸಾಕಾಯಿತು.

ಈ ಗುಂಪು ಪದ್ಧತಿಯ ಮೂಲ ಕೇಳಿದರೆ ಪರೇಲಿನವರಿಗೆ ಆಶ್ಚರ್ಯವಾದೀತು. 1905ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಜೋಸೆಫ್ ಪ್ರ್ಯಾಟ್ ಎಂಬ ಡಾಕ್ಟರು ಸ್ಯಾನಿಟೋರಿಯಮ್ಮಿಗೆ ದುಡ್ಡಿಲ್ಲದ ಟಿ.ಬಿ. ರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿ ಪಾಠ ಹೇಳತೊಡಗಿದರು. ಪಾಠಕ್ಕಿಂತ ಹೆಚ್ಚಾಗಿ, ಪಕ್ಕದವನು ಚೇತರಿಸಿಕೊಳ್ಳುವುದನ್ನು ನೋಡಿಯೇ ರೋಗಿಗಳಿಗೆ ಧೈರ್ಯ ಬರುತ್ತಿತ್ತು. ಬಡವರಿಗಾಗಿ ಹುಟ್ಟಿದ ಪದ್ಧತಿ ಇದು. ನಮ್ಮ ಮಗ್ಗುಲಲ್ಲೇ ಸೆವ್ರಿ ಟಿ.ಬಿ. ಆಸ್ಪತ್ರೆ ಇದೆ, ಗಿರಣಿ ಕಾಲದ ಹಿರಿಯರಿಗೆ ಆ ಹೆಸರೇ ಒಂದು ಭಯ.

ಹಾಗಾದರೆ ನಮ್ಮದೇ ಕನ್ನಡ ಗುಂಪು ಮಾಡಬಹುದಲ್ಲ ಅಂತ ಕಾರ್ಯದರ್ಶಿಯವರು ಕೇಳಿದರು. ಬೇಡ ಅಂದೆ. ಅವರಿಗೆ ಬೇಸರವಾಯಿತು. ಮುಂಬಯಿಯ ನಮ್ಮ ಜನ ಒಬ್ಬರಿಗೊಬ್ಬರು ಗೊತ್ತಿದ್ದವರು. ಎಂಟು ಕನ್ನಡ ಮಕ್ಕಳನ್ನು ಕೂರಿಸಿದರೆ ಅದರಲ್ಲಿ ನಾಲ್ವರ ಅಪ್ಪಂದಿರು ಒಂದೇ ಸಂಘದ ಸದಸ್ಯರು, ಇಬ್ಬರು ಒಂದೇ ಊರಿನವರು. ಯಾವ ಹುಡುಗಿ ಅಲ್ಲಿ ಬಾಯಿ ಬಿಟ್ಟಾಳು? ಗುಂಪಿನಲ್ಲಿ ಅಪರಿಚಿತರು ಇರುವುದೇ ಒಳ್ಳೆಯದು, ಭಾಷೆ ಕಲಸಿದ್ದರೂ ಚಿಂತೆಯಿಲ್ಲ. ಎಲ್ಲರನ್ನೂ ನೇರ ಗುಂಪಿಗೆ ದೂಡುವುದೂ ಸರಿಯಲ್ಲ. ಮೈಮೇಲೆ ಕೈ ಹಾಕಿಸಿಕೊಂಡು ನೊಂದವರಿಗೆ, ಸಾಯುವ ಯೋಚನೆ ಬರುವವರಿಗೆ ಮೊದಲು ಮುಚ್ಚಿದ ಬಾಗಿಲೇ ಬೇಕು.

ಇದೆಲ್ಲ ಯಾರಿಗೋ ಒಬ್ಬರಿಗೆ ಅನ್ನಬೇಡಿ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ನೂರಕ್ಕೆ 7.3 ಮಂದಿಗೆ ಮಾನಸಿಕ ತೊಂದರೆ ಇದೆ. ಐವತ್ತು ಮಕ್ಕಳ ಕ್ಲಾಸಿನಲ್ಲಿ ಮೂರೋ ನಾಲ್ಕೋ ಜನ. ಅದು ಕೊರೋನಾಕ್ಕೆ ಮುಂಚಿನ ಲೆಕ್ಕ.

ಸಂಘ ಮಾಡಬಹುದಾದ ಕೆಲಸ ಬೇರೆ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್, ನಂಬರು 14416, ದುಡ್ಡಿಲ್ಲ, ಭಾಷೆ ನಾವೇ ಆರಿಸಬಹುದು, ಕನ್ನಡವೂ ಇದೆ. ಈ ನಂಬರನ್ನು ನಮ್ಮ ಎಷ್ಟು ಮನೆಗಳಲ್ಲಿ ಬರೆದಿಟ್ಟಿದ್ದಾರೆ? 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ತರಬೇತಿ ಪಡೆದ ಒಬ್ಬ ಕೌನ್ಸೆಲರಾದರೂ ಇರಬೇಕೆಂದು ಹೇಳಿದೆ. ನಮ್ಮ ಪ್ರಿನ್ಸಿಪಾಲರ ಹತ್ತಿರ ಹೋಗಿ, ಇದ್ದಾರಾ, ಇದ್ದರೆ ಯಾವ ಭಾಷೆ ಬಲ್ಲರು ಅಂತ ಕೇಳೋಣ. ಶಾಲಿನ ದುಡ್ಡಿನಲ್ಲಿ, ಕನ್ನಡ ಬಲ್ಲ ಒಬ್ಬ ಕೌನ್ಸೆಲರನ್ನು ತಿಂಗಳಿಗೆ ಎರಡು ಶನಿವಾರ ಸಂಘದ ಹಿಂದಿನ ಕೋಣೆಯಲ್ಲಿ ಕೂರಿಸೋಣ. ಬಾಗಿಲು ಹಾಕಿರಲಿ, ರಿಜಿಸ್ಟರಿನಲ್ಲಿ ಹೆಸರು ಬೇಡ, ಫೋಟೋ ಖಂಡಿತ ಬೇಡ. ಗುಂಪು ಬೇಕಾದವರನ್ನು ಅವರೇ ಆಸ್ಪತ್ರೆಗೆ ಕಳಿಸಲಿ. ಜತೆಗೆ ಹೋಗಲು ಯಾರೂ ಇಲ್ಲದಿದ್ದರೆ ನಾನು ಹೋಗ್ತೇನೆ, ಕೇಸ್ ಪೇಪರ್ ಎಲ್ಲಿ ಮಾಡಿಸಬೇಕು ಅಂತ ನನಗೆ ಗೊತ್ತು.

ಈ ತಿದ್ದುಪಡಿಯನ್ನು ಬರೆದು ಕಾರ್ಯದರ್ಶಿಯವರಿಗೆ ಕೊಟ್ಟಿದ್ದೇನೆ. ಮುಂದಿನ ಸಭೆಯಲ್ಲಿ ಅನುಮೋದಿಸಲು ಒಬ್ಬರು ಬೇಕಾಗಿದ್ದಾರೆ.